ಬಾಕ್ಸರ್ ದೇವೀರಪ್ಪನ ಹೆಸರಿನ ಬೋರ್ಡು

ದೋಣಿಗಲ್ಲಿನ ಯುವಕ ಸಂಘದವರು ಹಳೆಯ ಕಾಫಿ ಸ್ಟೋರೊಂದನ್ನು ಗುಡಿಸಿ, ಸುಣ್ಣ ಬಳಿದು, ಹುಡುಗರಿಗೆ ಬಾಕ್ಸಿಂಗ್ ಕಲಿಸುವ ಜಾಗ ಮಾಡಿದರು. ಅದಕ್ಕೆ ಯಾರ ಹೆಸರಿಡಬೇಕು ಎಂಬ ಪ್ರಶ್ನೆ ಎದ್ದಿತು. ಸುತ್ತಮುತ್ತಲಲ್ಲಿ ಬಾಕ್ಸಿಂಗ್ ಆಡಿದವನು ಒಬ್ಬನೇ ಒಬ್ಬ, ದೇವೀರಪ್ಪ. ಹಾಗಿದ್ದ ಮೇಲೆ ಪ್ರಶ್ನೆ ಯಾಕೆ ಎಂದು ಕೇಳುವವರು ದೇವೀರಪ್ಪನ ಆಟ ನೋಡಿಲ್ಲ ಎಂದೇ ಅರ್ಥ.

ಅವನ ಹೆಂಡತಿ ನಾಗರತ್ನಮ್ಮನಿಗೆ ಮಾತ್ರ ಆ ಬೋರ್ಡು ಬೇಕೇ ಬೇಕಾಗಿತ್ತು. ಮೊಟ್ಟೆಯ ವಾಸನೆಯೂ ಸುಳಿಯದ ಮನೆಗೆ ಸೊಸೆಯಾಗಿ ಬಂದು, ಅತ್ತೆಯ ಕಣ್ಣು ತಪ್ಪಿಸಿ, ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಗಂಡನಿಗೆ ಮೊಟ್ಟೆ ಬೇಯಿಸಿ ಕೊಟ್ಟವಳು ಅವಳು. ಅವನ ಊದಿದ ದವಡೆಗೆ ಅರಿಶಿನ ಹಚ್ಚಿದವಳೂ ಅವಳೇ. ಇಷ್ಟು ಮಾಡಿ ಸಿಕ್ಕಿದ್ದೇನು? ತವರಿನ ಮದುವೆ ಮುಂಜಿಗೆ ಹೋದರೆ, "ಏನಮ್ಮ, ನಿಮ್ಮ ಅರ್ಧ ಚಾಂಪಿಯನ್ನು ಚೆನ್ನಾಗವ್ರಾ?" ಎಂಬ ನಗೆ. ಆ ನಗೆಯ ಬಾಯಿಗೆ ಒಂದು ಬೋರ್ಡು ಬಡಿಯಬೇಕೆಂಬುದೇ ಅವಳ ಆಸೆ.

ಕೈಯೇನೋ ದೇವೀರಪ್ಪನದು ದೇವರು ಕೊಟ್ಟ ಕೈ. ಎಸ್ಟೇಟಿನ ವಾಚ್‌ಮನ್ ಮಿಲಿಟರಿ ರಾಮಯ್ಯ ಗೋಣಿಚೀಲಕ್ಕೆ ಕಾಫಿ ಹೊಟ್ಟು ತುಂಬಿ, ಹಲಸಿನ ಮರಕ್ಕೆ ನೇತುಹಾಕಿ ಕಲಿಸಿದ ವಿದ್ಯೆ ಅದು. ಮೈಸೂರಿನಲ್ಲಿ ಒಬ್ಬ ದಾಂಡಿಗನನ್ನು ಗಂಟೆ ಬಾರಿಸಿದ ಸದ್ದು ಅಡಗುವುದರೊಳಗೆ ಮಲಗಿಸಿ, ಜಿಲ್ಲೆಗೇ ಚಾಂಪಿಯನ್ ಎನಿಸಿಕೊಂಡ. ಅದಾದ ಸ್ವಲ್ಪ ದಿನಕ್ಕೇ ಕಡ್ಡಿಯಂಥ ಕಾಲೇಜು ಹುಡುಗನೊಬ್ಬನ ಕೈಯಲ್ಲಿ ಸೋತು ಬಂದ. ಹುಡುಗನ ಮೂಗಿನಲ್ಲಿ ರಕ್ತ ಕಂಡು, "ಜೋರಾಗಿ ಬಿತ್ತೇನೋ ಮಗಾ?" ಎಂದು ಕೈ ಇಳಿಸಿ ಬಗ್ಗಿ ನೋಡಿದ್ದೇ ತಪ್ಪಾಯಿತು. ಹುಡುಗ ದವಡೆಗೇ ಉತ್ತರ ಕೊಟ್ಟ.

ಅದನ್ನೂ ಊರು ಕ್ಷಮಿಸುತ್ತಿತ್ತು. ಕ್ಷಮಿಸದೆ ಉಳಿದದ್ದು ಹಾಸನದ ಫೈನಲ್. ತೊಂಬತ್ತನಾಲ್ಕರ ಡಿಸೆಂಬರ್, ಕಾಫಿ ಕುಯ್ಲಿನ ಕಾಲ. ಮನೆ ಮುಂದಿನ ಕಣದ ತುಂಬ ಹಣ್ಣು ಒಣಗಲು ಹರಡಿತ್ತು. ತುಂಬಿದ ಬಸುರಿ ನಾಗರತ್ನಮ್ಮ ಗಂಡ ಹೊರಟಾಗ ಒಂದೇ ಮಾತು ಅಂದಿದ್ದಳು: "ಮೋಡ ಆದ್ರೆ ಒಬ್ಳೇ ಹೆಂಗ್ರೀ ಮುಚ್ಲಿ?" ಕಾಫಿ ಬೆಳೆಯುವವರ ಮನೆಯಲ್ಲಿ ದಿನಾ ಆಡುವ ಮಾತು, ಆಡಿ ಅವಳೂ ಮರೆತಳು.

ಫೈನಲ್‌ನಲ್ಲಿ ದೇವೀರಪ್ಪ ಬಯಲಿನಲ್ಲಿ ಕಟ್ಟಿದ ರಿಂಗಿನಲ್ಲಿ ಎದುರಾಳಿಯನ್ನು ಹಗ್ಗಕ್ಕೆ ಒತ್ತರಿಸಿ ರುಬ್ಬುತ್ತಿದ್ದ. ಇನ್ನೊಂದು ಏಟು ಬಿದ್ದಿದ್ದರೆ ಆಟ ಮುಗಿಯುತ್ತಿತ್ತು. ಅಷ್ಟರಲ್ಲಿ ಪಡುವಣದಲ್ಲಿ ಗುಡುಗಿತು. ದೇವೀರಪ್ಪ ತಲೆಯೆತ್ತಿ ನೋಡಿದ. ಸಕಲೇಶಪುರದ ದಿಕ್ಕಿಗೆ, ತನ್ನೂರಿನ ಮೇಲೇ, ಕರಿಮೋಡ. ಮರುಕ್ಷಣ ಹಗ್ಗ ಹಾರಿ, ಜನರ ನಡುವೆ ನುಗ್ಗಿ, ಚಡ್ಡಿಯಲ್ಲೇ ಓಡಿ, ಮಂಗಳೂರು ಬಸ್ಸು ಹತ್ತಿಬಿಟ್ಟ. ಕೈಯಲ್ಲಿ ಗ್ಲೌಸ್ ನೋಡಿ ಕಂಡಕ್ಟರ್ ಟಿಕೆಟ್ ಕೇಳುವ ಧೈರ್ಯ ಮಾಡಲಿಲ್ಲವಂತೆ. ದೋಣಿಗಲ್ಲಿನಲ್ಲಿ ಇಳಿದರೆ ಒಂದು ಹನಿಯೂ ಬಿದ್ದಿರಲಿಲ್ಲ. ನಾಗರತ್ನಮ್ಮ ಕಣದ ಪಕ್ಕ ಕೂತು ಅಕ್ಕಿ ಆರಿಸುತ್ತಿದ್ದಳು. ಆವತ್ತು ಅವಳು ಬೈದ ಬೈಗುಳ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳವರೆಗೂ ಕೇಳಿಸಿತ್ತು.

ಇಂಥವನ ಹೆಸರಿನ ತೀರ್ಮಾನಕ್ಕೆ ಸಂಘದ ಸಭೆ ಸೇರಿದ್ದು ದೇವೀರಪ್ಪನ ಜಗಲಿಯಲ್ಲೇ. ನಾಚಿಕೆಗೆಟ್ಟ ಕೆಲಸ ನಿಜ, ಆದರೆ ಅವರ ಮನೆಯ ಕಾಫಿ ಚೆನ್ನಾಗಿರುತ್ತಿತ್ತು. ವಿಚಾರಣೆಗೆ ಒಳಗಾದವನು ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಅಂಗಳದಲ್ಲಿ ಕಾಫಿ ಕೆದಕುತ್ತಿದ್ದ.

"ಮೈಸೂರಲ್ಲಿ ಇವನು ಹೊಡೆದ ಏಟು ನಾನು ಕಣ್ಣಾರೆ ನೋಡಿದೀನಿ. ಅಂಥ ಏಟು ಹೊಡ್ಯೋನು ಜಿಲ್ಲೇಲಿ ಇನ್ನೊಬ್ಬ ಹುಟ್ಟಿಲ್ಲ," ಅಂದ ಮುನೀರ್. ಅವನು ಕಾಫಿ ವ್ಯಾಪಾರಿ, ದೇವೀರಪ್ಪನ ಹಳೇ ಗೆಳೆಯ.

"ಏಟು ಸರಿ ಮಾರಾಯ, ಓಡಿದ್ದು?" ಅಂದ ಸಂಘದ ಅಧ್ಯಕ್ಷ ದಯಾನಂದ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆದ್ದರಿಂದ ಎಲ್ಲದರಲ್ಲೂ ತಪ್ಪು ಹುಡುಕುವುದು ಅವನ ಉದ್ಯೋಗವೇ ಆಗಿತ್ತು. "ರಿಂಗ್ ಬುಟ್ಟು ಓಡೋಗೋನ ಹೆಸ್ರು ಗೋಡೆ ಮೇಲೆ ಬರೆದ್ರೆ, ನಾಳೆ ಹುಡುಗ್ರು ಏನ್ ಕಲೀತಾರೆ? ಓಡೋದನ್ನ."

ಎಲ್ಲರೂ ನಕ್ಕರು. ನಾಗರತ್ನಮ್ಮ ಲೋಟಗಳನ್ನು ತಟ್ಟೆಗೆ ಕುಕ್ಕಿದ ಸದ್ದಿಗೆ ನಗು ನಿಂತಿತು.

"ಆಯ್ತಕ್ಕಾ," ಅಂದ ದಯಾನಂದ, ಮೆತ್ತಗಾಗಿ. "ನನ್ ತಂಗಿ ಮಗ ಮಹೇಶ ಈಗೀಗ ಬಾಕ್ಸಿಂಗ್ ಕಲೀತಾವ್ನೆ, ಉದ್ಘಾಟನೆ ದಿನ ಅವನ ಜೊತೆ ಮೂರು ರೌಂಡ್ ಆಡ್ಲಿ. ಗೆಲ್ಲೋದೂ ಬ್ಯಾಡ. ಕೊನೇವರೆಗೂ ನಿಂತ್ರೆ ಸಾಕು, ಬೋರ್ಡ್ ಬರುಸ್ತೀನಿ."

ಉದ್ಘಾಟನೆ ಜನವರಿಯ ಒಂದು ಭಾನುವಾರ ನಡೆಯಿತು. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಊರೆಲ್ಲ ಕಣಗಳಲ್ಲಿ ಕಾಫಿ ಹರಡಿಯೇ ಸ್ಟೋರಿಗೆ ಬಂದು ಸೇರಿತು. ಮುನೀರ್ ಸೀಟಿ ಕಚ್ಚಿಕೊಂಡು ರೆಫರಿಯಾದ. ನಲವತ್ತು ದಾಟಿದ, ಹೊಟ್ಟೆ ಬಂದ ದೇವೀರಪ್ಪ ಮೊದಲ ರೌಂಡಿನಲ್ಲಿ ಪೆಟ್ಟು ತಿಂದು ಏದುಸಿರು ಬಿಟ್ಟ. ಎರಡನೆಯದರಲ್ಲಿ ಹಳೇ ಕೈಗೆ ನೆನಪು ಬಂತು. ಮಹೇಶ ಹಿಂದೆ ಹಿಂದೆ ಸರಿದ. ನಾಗರತ್ನಮ್ಮ ಬೆಂಚಿನ ಮೇಲೇ ಎದ್ದು ನಿಂತಳು.

ಆಗ ಸ್ಟೋರಿನ ಒಳಗೆ ಕತ್ತಲಾಯಿತು. ಹೊರಗೆ ಗುಡುಗಿತು.

ಎಲ್ಲರ ಕಣ್ಣೂ ದೇವೀರಪ್ಪನ ಮೇಲೆ ನೆಟ್ಟವು. ಅವನು ಹಗ್ಗ ಹಾರುವುದನ್ನೇ ಕಾಯುತ್ತಿದ್ದರು. ಆದರೆ ಎರಡನೇ ಗುಡುಗು ಕೇಳಿದ್ದೇ, ಎಲ್ಲರಿಗಿಂತ ಮೊದಲು ಓಡಿದವನು ಅಧ್ಯಕ್ಷ ದಯಾನಂದ. ಅವನ ಹಿಂದೆ ಊರಿಗೆ ಊರೇ ಬಾಗಿಲಿಗೆ ನುಗ್ಗಿತು. "ಮಾವ, ನಮ್ ಕಣ!" ಎನ್ನುತ್ತ ಮಹೇಶ ಹಗ್ಗದಡಿ ತೂರಿಕೊಂಡ. ತನ್ನ ಗೋಡೌನಿನ ಮುಂದೆ ಊರವರಿಂದ ಕೊಂಡ ಕಾಫಿ ಹರಡಿದ್ದ ಮುನೀರ್ ಸೀಟಿ ಊದುತ್ತಲೇ ಓಡಿದ. ನಾಗರತ್ನಮ್ಮನೂ ಸೆರಗು ಸಿಕ್ಕಿಸಿಕೊಂಡು ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು.

ದೇವೀರಪ್ಪ ಮುಷ್ಟಿ ಎತ್ತಿಕೊಂಡು ನಡುವೆ ಒಬ್ಬನೇ ನಿಂತಿದ್ದ.

"ರೀ, ನಮ್ ಕಾಫಿ!"

"ನೆನೀಲಿ ಬುಡು. ಮೂರ್ನೇ ರೌಂಡ್ ಐತೆ."

"ಯಾರ್ ಜೊತೆ ಆಡ್ತೀರಾ? ಗೋಡೆ ಜೊತೆನಾ?"

"ನಿಂತ್ರೆ ಸಾಕು ಅಂದವ್ನಲ್ಲಾ ದಯಾನಂದ." ದೇವೀರಪ್ಪ ಕೈ ಇಳಿಸಲಿಲ್ಲ. "ಅವತ್ತು ಒಬ್ಳೇ ಹೆಂಗೆ ಮುಚ್ಲಿ ಅಂದೆ, ಓಡ್ಬಂದೆ. ಈಗ ಬೋರ್ಡ್ ಬೇಕು ಅಂತೀಯ, ನಿಂತಿದೀನಿ. ನೀನು ಏನಾದ್ರೂ ಒಂದ್ ಹೇಳೇ ಮಾರಾಯ್ತಿ."

ಇಷ್ಟು ವರ್ಷ ಈ ಮನುಷ್ಯನನ್ನು ಎಷ್ಟು ಬೈದಿದ್ದೇನೆ ಎಂದು ನಾಗರತ್ನಮ್ಮನಿಗೆ ನಾಚಿಕೆಯಾಯಿತು. ಜೊತೆಗೇ, ಹೇಳಬಾರದು, ಒಂದು ಸಂತೋಷವೂ ಆಯಿತು. ಅವಳು ವಾಪಸು ಬಂದು ಬೆಂಚಿನ ಮೇಲೆ ಕೂತಳು. ತಗಡಿನ ಮಾಡಿನ ಮೇಲೆ ಮಳೆ ಸುರಿಯಿತು, ಎರಡು ಫರ್ಲಾಂಗು ಆಚೆ ಅವರ ಕಾಫಿಯ ಮೇಲೂ ಸುರಿಯಿತು. ಸಾಕೆನಿಸಿದಾಗ ಅವಳೇ ಎದ್ದು ರೌಂಡಿಗೆಂದು ಕಟ್ಟಿದ್ದ ಗಂಟೆ ಬಾರಿಸಿದಳು.

ಮಳೆ ನಿಂತ ಮೇಲೆ ಸಂಘದವರು ಒಬ್ಬೊಬ್ಬರಾಗಿ, ಮೊಣಕಾಲವರೆಗೆ ಕೆಸರು ಮಾಡಿಕೊಂಡು, ತಲೆ ತಗ್ಗಿಸಿ ಬಂದರು. ಆದರೂ ರೈಟರ್ ಬುದ್ಧಿ ಬಿಟ್ಟೀತೇ?

"ಕೊನೇವರೆಗೂ ನಿಂತಿದ್ರು ಅನ್ನಾಕೆ ಸಾಕ್ಷಿ ಯಾರು?" ಅಂದ ದಯಾನಂದ.

"ನಾನು," ಅಂದಳು ನಾಗರತ್ನಮ್ಮ.

"ನೀವು ಅವ್ರ ಹೆಂಡ್ತಿ ಅಲ್ವಾ ಅಕ್ಕಾ. ಬೇರೆ ಯಾರಾದ್ರೂ ನೋಡವ್ರಾ?"

"ಹೌದಲ್ಲ," ಅಂದಳು ಅವಳು, ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡುತ್ತ. "ನೀವೆಲ್ಲ ಎಲ್ಲೋಗಿದ್ರಿ?"

ಮುಂದಿನ ವಾರ ಬೋರ್ಡು ಬಂತು.