ಕಾಲುವೆ ಏರಿನ ಸಪ್ಪಳ

ಮಿಸ್ತ್ರಿ ಕಾಕಾನ ಮೇಲಿನ ಎರಡು ಮುಂಬಲ್ಲುಗಳ ನಡುವೆ ಒಂದು ಕಚ್ಚು ಇತ್ತು. ಪೆನ್ಸಿಲಿನಷ್ಟು ದಪ್ಪದ್ದು, ಅರದಿಂದ ಉಜ್ಜಿ ಮಾಡಿದಷ್ಟು ನಯವಾದದ್ದು. ನಕ್ಕರೆ ಮಾತ್ರ ಅದರೊಳಗಿನ ಕತ್ತಲೆ ಕಾಣುತ್ತಿತ್ತು. ಚಿಕ್ಕವಳಿದ್ದಾಗ ನಾನು ಅದಕ್ಕೆ ಹೆದರುತ್ತಿದ್ದೆ. ಅದು ಕಬ್ಬಿಣದ ಸರಳನ್ನು ಕಚ್ಚಿ ಕಚ್ಚಿ ಬಿದ್ದ ಗುರುತು. ಅವರ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಹಾಗಾಗಿ ಇಂಜಿನ್ನಿನ ಸದ್ದನ್ನು ಅವರು ಹಲ್ಲಿನಿಂದ ಕೇಳುತ್ತಿದ್ದರು. ಸರಳಿನ ಒಂದು ತುದಿ ಸಿಲಿಂಡರಿನ ಮೇಲೆ, ಇನ್ನೊಂದು ಹಲ್ಲಿನ ಕಚ್ಚಿನಲ್ಲಿ. ಕಣ್ಣು ಮುಚ್ಚಿ ಬಾಗಿ ನಿಂತರೆ, ಗಾಡಿ ಅವರ ತಲೆಯೊಳಗೆ ಏನನ್ನೋ ಹೇಳುತ್ತಿದೆ, ಅದು ನಮಗೆ ಹೇಳುವಂಥದ್ದಲ್ಲ ಅನ್ನಿಸುತ್ತಿತ್ತು.

ಅವರ ಗಾಡಿ ರಿಪೇರಿ ಅಂಗಡಿ ರಾಯಚೂರಿನಲ್ಲಿ, ಕೋಟೆಯ ಗೋಡೆಗೆ ಆತುಕೊಂಡು ಇತ್ತು. ಅಲ್ಲಿ ಯಾವ ಗಾಡಿ ಚಾಲೂ ಮಾಡಿದರೂ ಕಲ್ಲಿನೊಳಗೆ ಇನ್ನೊಂದು ಚಾಲೂ ಆದ ಹಾಗೆ ಕೇಳುತ್ತಿತ್ತು. ಅಪ್ಪ ಒಮ್ಮೆ ಅದನ್ನು ತೋರಿಸಿ ನಕ್ಕಾಗ ಕಾಕಾ, "ಒಳಗಿನ ಗಾಡಿ ಯಾರದಂತ ಇನ್ನೂ ಯಾರೂ ಕೇಳಾಕ ಬಂದಿಲ್ಲ ಮಾಸ್ತರ್. ಬಂದ್ರ ಕೊಟ್ಟು ಕಳಸ್ತೀನಿ" ಅಂದಿದ್ದರು.

ಮೃದು ಮನುಷ್ಯರೇನಲ್ಲ. ಗಿರಾಕಿಗಳು ಅವರ ಬೈಗುಳಕ್ಕೆ ಒಗ್ಗಿಹೋಗಿದ್ದರು. ಒಬ್ಬ ತರುಣ ತನ್ನ ಗಾಡಿಯ ಸದ್ದನ್ನು ಫೋನಿನಲ್ಲಿ ಹಿಡಿದು ತಂದಾಗ, "ಫೋನಿನ್ಯಾಗ ಇಂಜಿನ್ ತಂದಾನ ನೋಡ್ರಿ. ಬಿಚ್ಚಲೇನಪಾ ಫೋನ್?" ಅಂದು ಬೋಲ್ಟು ಬಿಚ್ಚುವ ಪಾನಾ ಎತ್ತಿದ್ದರು.

ಅವರಲ್ಲಿ ಒಂದು ರೂಢಿ ಇತ್ತು. ನಮ್ಮ ಕಡೆ ಗಾಡಿಗಳ ಒಳಗೆ ಜನ ಏನೇನೋ ಇಟ್ಟಿರುತ್ತಾರೆ: ದರ್ಗಾದ ದಾರ, ದೇವಸುಗೂರಿನ ವಿಭೂತಿ ಪೊಟ್ಟಣ, ಮಗುವಿನ ಜವಳದ ಕೂದಲು. ಬಿಚ್ಚುವಾಗ ಸಿಕ್ಕಿದ್ದನ್ನು ಕಾಕಾ ಚಿಂದಿಯಲ್ಲಿ ಸುತ್ತಿಟ್ಟು, ಜೋಡಿಸುವಾಗ ಇದ್ದಲ್ಲಿಯೇ ಇಟ್ಟುಬಿಡುತ್ತಿದ್ದರು. ಕಂಡೆನೆಂದು ಮಾಲಕರಿಗೂ ಹೇಳುತ್ತಿರಲಿಲ್ಲ. "ಮಾಲಕ ತನ್ನ ಕೈಯಿಂದ ಇಟ್ಟಿದ್ದು ಮಷೀನ್ ಅಲ್ಲ. ಅದರ ಉಸಾಬರಿ ನಮಗ್ಯಾಕ" ಅನ್ನುತ್ತಿದ್ದರು.

ಅಪ್ಪನ ಗಾಡಿ, ಒಂದು ಮೋಟರ್ ಸೈಕಲ್ಲು, ನಾನು ಹುಟ್ಟುವುದಕ್ಕಿಂತ ಹಳೆಯದು. ಮಾನ್ವಿಯಿಂದ ದೇವದುರ್ಗದ ಕಡೆಯ ಒಂದು ಹಳ್ಳಿ ಶಾಲೆಗೆ ಅಪ್ಪ ಅದರ ಮೇಲೆಯೇ ಹೋಗಿಬರುತ್ತಿದ್ದರು. ಕಾಕಾನನ್ನು ಬಿಟ್ಟು ಬೇರೆ ಮಿಸ್ತ್ರಿ ಅದನ್ನು ಮುಟ್ಟಿರಲಿಲ್ಲ.

ನಮ್ಮ ಮನೆ ಮಾನ್ವಿಯ ಅಂಚಿನಲ್ಲಿದೆ. ಕಾಲುವೆ ಸೇತುವೆಯ ಏರು ಹತ್ತಿ ಇಳಿದರೆ ಬಾಗಿಲು. ಅಪ್ಪನ ಗಾಡಿ ಆ ಏರು ಹತ್ತುವಾಗ ಇಂಜಿನ್ನಿನ ಸದ್ದಿನ ಜೊತೆಗೆ ಸಣ್ಣದೊಂದು ಸಪ್ಪಳ ಬರುತ್ತಿತ್ತು, ತಾಮ್ರದ ಕೊಡಕ್ಕೆ ಬಳೆ ತಾಗಿದ ಹಾಗೆ. ಗಾಡಿಯ ಮೇಲೆ ಕೂತವರಿಗೆ ಅದು ಕೇಳುತ್ತಿರಲಿಲ್ಲ. ಮನೆಯಲ್ಲಿ ಕಾಯುವವರಿಗೆ ಮಾತ್ರ ಕೇಳುತ್ತಿತ್ತು. ಕೇಳಿದೊಡನೆ ಅವ್ವ ಬಡಿದಿಟ್ಟ ರೊಟ್ಟಿಯನ್ನು ಹಂಚಿಗೆ ಹಾಕುತ್ತಿದ್ದಳು. ಅಪ್ಪ ಕೈಕಾಲು ತೊಳೆದು ಕೂರುವುದಕ್ಕೂ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತಿತ್ತು.

ಅಪ್ಪ ಶಾಲೆಯಲ್ಲಿಯೇ ಎದೆನೋವಿನಿಂದ ಹೋದ ದಿನ ಅವ್ವ ಆ ಸಪ್ಪಳಕ್ಕೆ ಕಾದು ಕೂತಿದ್ದಳು. ನಾದಿದ ಹಿಟ್ಟು ಬೋಗುಣಿಯಲ್ಲಿ ಒಣಗಿ ಬಿರುಕು ಬಿಟ್ಟಿತ್ತು. ಗಾಡಿಯನ್ನು ಆಮೇಲೆ ಯಾರೋ ಟೆಂಪೋದಲ್ಲಿ ತಂದು ಅಂಗಳದಲ್ಲಿ ನಿಲ್ಲಿಸಿದರು. ಅದು ಅಲ್ಲಿಯೇ ವರ್ಷಗಟ್ಟಲೆ ನಿಂತಿತು.

ಓದು ಮುಗಿದು ನನಗೆ ದೇವದುರ್ಗದ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಬಸ್ಸಿನ ಹೊತ್ತಿಗೂ ನನ್ನ ಹೊತ್ತಿಗೂ ಹೊಂದಲಿಲ್ಲ. ಗಾಡಿ ರಿಪೇರಿ ಮಾಡಿಸುತ್ತೇನೆ ಅಂದಾಗ ಅವ್ವ ಹೂಂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಪಿಸ್ಟನ್ ಸಿಲಿಂಡರಿನೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕಾಕಾ ಇಂಜಿನ್ನಿನ ಮೇಲ್ಭಾಗವನ್ನೆಲ್ಲ ಬಿಚ್ಚಿ ಗೋಣಿಚೀಲದ ಮೇಲೆ ಹರವಿದರು. "ಮ್ಯಾಲಿಂದು ಹಳೇದು ಏನೂ ಉಳಿಯಂಗಿಲ್ಲ ನೋಡು ತಂಗಿ. ಬೋರ್ ಹೊಡಸ್ಬೇಕು. ಪಿಸ್ಟನ್, ರಿಂಗ್, ವಾಲ್, ಎಲ್ಲಾ ಹೊಸಾವು."

"ಆ ಸಪ್ಪಳಾನೂ ಹೋಗ್ತದೇನ್ರಿ ಕಾಕಾ?"

"ಯಾವ ಸಪ್ಪಳ?" ಅವರ ಮುಖ ಬಿಗಿಯಿತು. "ನನ್ನ ಕೈಯಾಗಿನ ಗಾಡಿಗಿ ಸಪ್ಪಳ? ನಿಮ್ಮಪ್ಪ ಒಂದಿನಾನೂ ಹೇಳಿಲ್ಲಲ್ಲ."

ಅಪ್ಪನಿಗೆ ಅದು ಕೇಳಿಯೇ ಇರಲಿಲ್ಲವಲ್ಲ.

ಗಾಡಿ ತಯಾರಾದ ಸಂಜೆ ನಾನೇ ಓಡಿಸಿಕೊಂಡು ಮಾನ್ವಿಗೆ ಬಂದೆ. ಏರಿನ ಮೇಲೆ ಕಿವಿಗೊಟ್ಟು ಕೇಳಿದೆ. ಏನೂ ಇರಲಿಲ್ಲ. ಗಾಡಿ ನಿಲ್ಲಿಸುತ್ತಿದ್ದಂತೆ ಅವ್ವ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಅವಳ ಮುಖದಲ್ಲಿ ನಗುವಿತ್ತು. ನನ್ನನ್ನು ನೋಡಿದ ಮೇಲೂ ಅದು ಒಂದು ಗಳಿಗೆ ಹಾಗೇ ಉಳಿದು, ನನ್ನ ಬೆನ್ನ ಹಿಂದೆ ಯಾರನ್ನೋ ಹುಡುಕಿತು. ಒಳಗೆ ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಮಣೆಯ ಮುಂದೆ ಅಪ್ಪನ ತಟ್ಟೆ ಇತ್ತು.

"ಅದಽ ಸಪ್ಪಳ" ಅಂದಳು ಅವ್ವ. ಊಟ ಮಾಡಲಿಲ್ಲ.

ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. "ನೀನಽ ಬರಾಕತ್ತೀದಿ ಅಂತ ಗೊತ್ತದ. ಆದ್ರ ಕೈ ಕೇಳವಲ್ದು" ಅಂದಳು. ಸಂಜೆಯ ಊಟವನ್ನು ಬಿಟ್ಟೇಬಿಟ್ಟಳು. ಮೈ ಇಳಿಯತೊಡಗಿತು. ಒಂದು ದಿನ ಒಲೆಯ ಮುಂದೆ ಕೂತೇ ಹೇಳಿದಳು: "ಆ ಸಪ್ಪಳ ತೆಗಸು ಯವ್ವಾ. ಇಲ್ಲಾಂದ್ರ ಗಾಡಿ ಮಾರಿಬಿಡು. ದಿನಾ ಸಂಜಿಕಿ ಅವರು ಏರು ಹತ್ತಿ ಬರ್ತಾರ, ಬಾಗಿಲಿಗಿ ಬಂದ್ರ ಇರಂಗಿಲ್ಲ. ನನ್ನ ಕೈಲಿ ಆಗವಲ್ದು."

ಗಾಡಿಯನ್ನು ಮತ್ತೆ ಕೋಟೆಗೋಡೆಯ ಕೆಳಗೆ ನಿಲ್ಲಿಸಿ ಅವ್ವನ ಮಾತು ಹೇಳಿದೆ. ಕಾಕಾ ತಣ್ಣಗಿದ್ದಾಗ ಕೇಳಿದರು, ಬಿಸಿಯಾದ ಮೇಲೆ ಕೇಳಿದರು. ಇಂಜಿನ್ನಿನ ತಲೆ, ಹೆಡ್ಡು, ಅದರ ಸಂದಿಗೆ ಎಣ್ಣೆ ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದರು. ಟ್ಯಾಪೆಟ್ ಬಿಗಿ ಮಾಡಿದರು, ಸಡಿಲ ಮಾಡಿದರು. ಸರಳನ್ನು ಒಂದೊಂದು ಜಾಗಕ್ಕೂ ಇಟ್ಟು ಕಚ್ಚಿದರು. ಕೊನೆಗೆ ಸರಳು ಕೆಳಗಿಟ್ಟು, "ಹೆಡ್ಡಿನ್ಯಾಗ ಇಲ್ಲ, ಪಿಸ್ಟನ್ನಿನ್ಯಾಗ ಇಲ್ಲ. ಅದು ನಿಮ್ಮ ಅವ್ವಾರ ಮನಸಿನ್ಯಾಗಿಂದು ಇರ್ಬೇಕು" ಅಂದರು.

ನನಗೂ ಅದೇ ಅನುಮಾನವಿತ್ತು. ಹಾಗಾಗಿ ಪರಿಚಯದವರೊಬ್ಬರ ಕೈಗೆ ಗಾಡಿ ಕೊಟ್ಟು, ಸಂಜೆ ನಾನೇ ಅಡುಗೆಮನೆಯಲ್ಲಿ ನಿಂತಿದ್ದೆ. ಗಾಡಿ ಏರು ಹತ್ತಿತು. ಕೊಡಕ್ಕೆ ಬಳೆ ತಾಗಿತು. ನನ್ನ ಕಾಲು ತಾನಾಗಿಯೇ ಬಾಗಿಲ ಕಡೆ ತಿರುಗಿತ್ತು.

ಇದನ್ನು ಹೇಳಿದಾಗ ಕಾಕಾ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಪಿಸ್ಟನ್ನನ್ನು ಕಾಲಿನಿಂದ ಮುಂದಕ್ಕೆ ನೂಕಿದರು. "ಹಳೇದೆಲ್ಲಾ ಇಲ್ಲೇ ಬಿದ್ದದ. ಮತ್ತ ಸಪ್ಪಳ ಎಲ್ಲಿಂದ ಬರಾಕತ್ತದ?" ಅವರು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಭಾನುವಾರ ಬಸ್ಸು ಹಿಡಿದು, ಸಾಮಾನಿನ ಚೀಲ ಹೊತ್ತು ನಮ್ಮ ಮನೆಗೆ ಬಂದರು. ನೇರವಾಗಿ ಅಡುಗೆಮನೆಯ ಹೊಸ್ತಿಲಿಗೆ ಬಂದು ಕೂತರು.

"ಅಕ್ಕಾರ, ನನ್ನ ಕಿವಿ ಹೋಗ್ಯಾವ. ಇವತ್ತೊಂದಿನ ನಿಮ್ಮ ಕಿವಿ ನನಗ ಕೊಡ್ರಿ."

"ನನ್ನ ಕಿವಿನೂ ಕೆಟ್ಟಾವ ಅಂತ ಅಂದೀರಂತಲ್ಲ ಅಣ್ಣಾರ" ಅಂದಳು ಅವ್ವ.

"ಅಂದೀನಿ. ಅದಕ್ಕಽ ಬಸ್ಸಿನ್ಯಾಗ ನಿಂತು ಬಂದೀನಿ."

ನಾನು ಏರು ಹತ್ತಿ ಬರುವುದು, ಅವ್ವ "ಬಂತು" ಅನ್ನುವುದು, ಕಾಕಾ ಅಂಗಳಕ್ಕೆ ಬಂದು ಒಂದು ಭಾಗ ಬಿಗಿ ಮಾಡಿ ನನ್ನನ್ನು ಮತ್ತೆ ಕಳಿಸುವುದು, ಹೀಗೇ ನಡೆಯಿತು. ಹೆಡ್‌ಲೈಟು. ಬಂತು. ಟ್ಯಾಂಕಿನ ಬೋಲ್ಟು. ಬಂತು. ಸೈಲೆನ್ಸರಿನ ಪಟ್ಟಿ. ಬಂತು. ಹೊತ್ತು ಇಳಿಯುತ್ತಿತ್ತು. ಇಂಜಿನ್ನಿನ ತಲೆಯನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಡುವ ಪಟ್ಟಿಯ ಮೇಲೆ ಪಾನಾ ಇಟ್ಟವರು ಹಾಗೇ ನಿಂತುಬಿಟ್ಟರು.

"ಇದನ್ನ ನಾ ಲೆಕ್ಕಕ್ಕಽ ಹಿಡಿದಿಲ್ಲ" ಅಂದರು ಮೆಲ್ಲಗೆ.

ಬೋಲ್ಟು ಎಳೆದಾಗ ಪಟ್ಟಿಯ ಕೆಳಗಿಂದ ಒಂದು ತೂತಿನ ದುಡ್ಡು ಅವರ ಅಂಗೈಗೆ ಬಿತ್ತು. ನಿಜಾಮನ ಕಾಲದ್ದು. ಒಂದು ಬದಿ ಸವೆದು ಎಲೆಯಷ್ಟು ತೆಳುವಾಗಿತ್ತು. ಏರಿನಲ್ಲಿ ಇಂಜಿನ್ ಎಳೆದಾಗ ಮಾತ್ರ ಅದು ಆ ಸಂದಿಯಲ್ಲಿ ನಡುಗುತ್ತಿತ್ತು. ಅಂಗಡಿಯಲ್ಲಿ ಸ್ಟ್ಯಾಂಡಿನ ಮೇಲೆ ನಿಂತ ಗಾಡಿಯಲ್ಲಿ ಅದು ಹೇಗೆ ನುಡಿದೀತು?

"ಮಾಸ್ತರ್ ತಮ್ಮ ಕೈಯಿಂದ ಇಟ್ಟಿದ್ದು. ಬಿಚ್ಚಿದಾಗೆಲ್ಲಾ ನೋಡೀನಿ, ಹಂಗಽ ಇಟ್ಟೀನಿ. ಈ ಸಲಾನೂ ಇಟ್ಟೆ. ಹಳೇದು ಏನೂ ಉಳದಿಲ್ಲ ಅಂತಂದೆ, ಇದನ್ನ ಬಿಟ್ಟು."

ಅವ್ವ ದುಡ್ಡನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಅಂಚಿನಲ್ಲಿದ್ದ ಒಂದು ಗೀರನ್ನು ಉಗುರಿನಿಂದ ಮುಟ್ಟಿ ನೋಡಿ, ನನ್ನ ಕಡೆ ತಿರುಗಿದಳು. "ಇದು ನಿನ್ನ ಉಡದಾರದ್ದು. ಕೂಸಿದ್ದಾಗ ನಿನ್ನ ಸೊಂಟದಾಗ ಇತ್ತು. ಕಳೀತಂತ ಮನಿಯೆಲ್ಲಾ ಹುಡುಕಿದ್ವಿ. ಅವರೂ ನನ್ನ ಜೋಡಿ ಹುಡುಕಿದ್ರು."

"ಮಾಸ್ತರ್ ಬಲೇ ಹುಷಾರಿ" ಅಂದರು ಕಾಕಾ. ಯಾರೂ ನಗಲಿಲ್ಲ.

ಅಪ್ಪ ಅದನ್ನು ಯಾಕೆ ಇಟ್ಟಿದ್ದರೋ ತಿಳಿಯದು. ದಾರಿಯಲ್ಲಿ ವಾಷರ್ ಬಿದ್ದುಹೋಗಿ ಕೈಗೆ ಸಿಕ್ಕಿದ್ದನ್ನು ಹಾಕಿರಬಹುದು. ಹಾಗಿದ್ದರೆ ಅವ್ವನ ಜೊತೆ ಸೇರಿ ಹುಡುಕುವ ಅಗತ್ಯವಿರಲಿಲ್ಲ.

ಕಾಕಾ ಅವ್ವನನ್ನು ಕೇಳಿದರು: "ಈಗ ಮಾಲಕರು ನೀವು. ಇಡಲೋ, ಬ್ಯಾಡೋ?" ಯಾವ ಮಾಲಕರನ್ನೂ ಅವರು ಹೀಗೆ ಕೇಳಿದವರಲ್ಲ.

"ಬ್ಯಾಡ್ರಿ" ಅಂದಳು ಅವ್ವ.

ವಾಷರ್ ಹಾಕಿದ ಮೇಲೆ ನಾನು ಕೊನೆಯ ಸಲ ಏರು ಹತ್ತಿ ಬಂದೆ. ಅವ್ವ "ಬಂತು" ಅನ್ನಲಿಲ್ಲ. ಅಂದು ಅವಳು ನಮ್ಮಿಬ್ಬರ ಜೊತೆ ಕೂತು ಉಂಡಳು. ಕಾಕಾ ಕೈ ತೊಳೆಯುತ್ತ, "ಇಂಜಿನ್ನಿನಿಂದ ತೆಗದೀನಿ ಅಕ್ಕಾರ. ನಿಮ್ಮ ಕಿವಿಯಿಂದ ತೆಗಿಯೋ ಪಾನಾ ನನ್ನ ಹತ್ರ ಇಲ್ಲ" ಅಂದರು. ದುಡ್ಡನ್ನು ನನ್ನ ಕೈಗೆ ಕೊಟ್ಟರು. ಅಂದಿನಿಂದ ಅದು ಚಿಂದಿಯಲ್ಲಿ ಸುತ್ತಿಕೊಂಡು ನನ್ನ ಚೀಲದ ಒಳಜೇಬಿನಲ್ಲಿದೆ.

ಸಂಜೆಗಳು ಸದ್ದಿಲ್ಲದೆ ಕಳೆದವು. ಅವ್ವ ಮೈ ತುಂಬಿಕೊಂಡಳು. ನಾನು ಬಂದದ್ದು ತಿಳಿಯದೆ ಕೆಲವೊಮ್ಮೆ ಬೆಚ್ಚುತ್ತಿದ್ದಳು, ಅಷ್ಟೇ.

ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಸುದ್ದಿ ಬಂದಾಗ ನಾನು ದೇವದುರ್ಗದಲ್ಲಿದ್ದೆ. ಅಲ್ಲಿಂದಲೇ ರಾಯಚೂರಿಗೆ ಹೋದೆ. ಮಣ್ಣು ಮುಗಿಸಿ ಗಂಡಸರು ಹಿಂತಿರುಗುವವರೆಗೆ ಅವರ ಮನೆಯ ಹೆಂಗಸರ ಜೊತೆ ಕೂತಿದ್ದೆ. ಬರುವಾಗ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಶಟರ್ ಇಳಿದಿತ್ತು. ಕಿಕ್ ಹೊಡೆದಾಗ ಗೋಡೆಯೊಳಗಿನ ಗಾಡಿಯೂ ಚಾಲೂ ಆಯಿತು. ಓಣಿಯ ತಿರುವಿನವರೆಗೆ ಅದು ನನ್ನ ಹಿಂದೆ ಬಂತು.

ಮಾನ್ವಿ ಮುಟ್ಟಿದಾಗ ಮುಚ್ಚಂಜೆ. ಏರು ಹತ್ತಿ ಇಳಿದು ಒಳಗೆ ಬಂದರೆ ಅವ್ವ ಒಲೆಯ ಮುಂದಿದ್ದಳು. ಹಂಚಿನ ಮೇಲೆ ರೊಟ್ಟಿ ಇತ್ತು. ಮಣೆಯ ಮುಂದೆ ನನ್ನ ತಟ್ಟೆ. ಅಪ್ಪನದು ಮೇಲೆ ಗೂಡಿನಲ್ಲಿ ಕವುಚಿಕೊಂಡಿತ್ತು.

"ಏರು ಹತ್ತಿದ್ದು ಕೇಳಸ್ತು" ಅಂದಳು ಹಿಂತಿರುಗಿ ನೋಡದೆ. "ಆ ತಾಮ್ರದ ಸಪ್ಪಳ. ನೀ ಬಂದಿ ಅಂತ ರೊಟ್ಟಿ ಹಾಕ್ದೆ."

ಚೀಲದ ಒಳಜೇಬಿಗೆ ಕೈ ಹಾಕಿದೆ. ದುಡ್ಡು ಚಿಂದಿಯೊಳಗೇ ಇತ್ತು, ಗಂಟು ಬಿಚ್ಚಿರಲಿಲ್ಲ.

ಗಾಡಿಗಳ ಒಳಗೆ ಕಂಡದ್ದನ್ನು ಕಾಕಾ ಕಂಡೆನೆಂದೂ ಹೇಳದೆ ಇದ್ದಲ್ಲಿಯೇ ಇಟ್ಟುಬಿಡುತ್ತಿದ್ದರು. ನಾನೂ ಏನೂ ಹೇಳಲಿಲ್ಲ. ಕೈಕಾಲು ತೊಳೆದು ಬಂದು ಮಣೆಯ ಮೇಲೆ ಕೂತೆ. ರೊಟ್ಟಿ ಆಗಷ್ಟೇ ಉಬ್ಬಿತ್ತು.