ಎಲ್ಲರ ಪರವಾಗಿ ಒಂದು ತಪ್ಪಾಯ್ತು

ಚಿತ್ರಮಂದಿರದ ಬಾಗಿಲು ಕಾಯುವ ಟಾರ್ಚಣ್ಣನಿಗೆ ದೇವರೆಂದರೆ ಭಯವೂ ಉಂಟು, ಸಲಿಗೆಯೂ ಉಂಟು. ಈಗ ಓಡುತ್ತಿರುವ ಸಿನಿಮಾದಲ್ಲಿ ದೇವರನ್ನೇ ಗೇಲಿ ಮಾಡಿದ್ದಾರೆ. ಅರ್ಜಿ ಹಿಡಿದ ಭಕ್ತರು ಬಾಗಿಲು ಬಡಿದರೆ ತೆರೆಯ ಮೇಲಿನ ಆ ದೇವರು ಮೇಜಿನಡಿ ನುಸುಳಿ, "ಸಾಹೇಬ್ರು ಊಟಕ್ಕೆ ಹೋಗಿದಾರೆ" ಎನ್ನುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ಟಾರ್ಚಣ್ಣನೂ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ, ಮರುಕ್ಷಣವೇ ಚಾವಣಿಯತ್ತ ಟಾರ್ಚು ಬಿಟ್ಟು, "ತಪ್ಪಾಯ್ತಪ್ಪಾ, ಎಲ್ಲರ ಪರವಾಗಿ ನಾನೇ ಹೇಳ್ತಿದೀನಿ" ಎಂದು ಗೊಣಗುತ್ತಾನೆ. ಬಾಲ್ಕನಿಯ ನಗು ಜೋರಾದರೆ ಎರಡು ಸಲ ಹೇಳುತ್ತಾನೆ. ಟಿಕೆಟ್ ಹರಿಯುವಾಗಲೇ ಮುಖ ನೋಡಿ, ಇದು ಭಾರಿ ನಗುವ ಗಿರಾಕಿ ಎನ್ನಿಸಿದರೆ, ಮುಂಗಡವಾಗಿಯೇ ಒಂದು ತಪ್ಪಾಯ್ತು ಒಪ್ಪಿಸಿಬಿಡುವುದೂ ಉಂಟು. "ದೇವರೇ ಸುಮ್ನಿದಾನೆ, ನಿನಗ್ಯಾಕಯ್ಯಾ ಗಡಿಬಿಡಿ?" ಎಂದು ಮ್ಯಾನೇಜರ್ ರೇಗಿಸಿದರೆ, "ಸಿಟ್ಟು ಬಂದ್ಮೇಲೆ ಹೇಳಿ ಏನು ಬಂತು ಸಾರ್?" ಎನ್ನುತ್ತಾನೆ. ಮಗಳು ಕಾಯಿಲೆಯಿಂದ ತೀರಿಕೊಂಡಂದಿನಿಂದ ಅವನ ಹೆಂಡತಿ ದೇವರ ಜೊತೆ ಮಾತು ಬಿಟ್ಟಿದ್ದಾಳೆ. ನಗುವುದನ್ನು ಬಿಟ್ಟೂ ಎರಡು ವರ್ಷವಾಗಿತ್ತು. ನಿನ್ನೆ ಮಧ್ಯಾಹ್ನ ಊಟದ ಡಬ್ಬಿ ಕೊಡಲು ಬಂದವಳನ್ನು ಅವನು ಬಲವಂತವಾಗಿ ಕೊನೆಯ ಸಾಲಿನಲ್ಲಿ ಕೂರಿಸಿದ. ತೆರೆಯ ಮೇಲೆ ದೇವರು ಮೇಜಿನಡಿ ನುಸುಳಿದ್ದೇ ತಡ, "ಹಿಂಗೇ ಮಾಡಿರ್ತಾನೆ, ನಂಗೊತ್ತಿತ್ತು!" ಎಂಬ ಅವಳ ದನಿ ಕೇಳಿತು, ಅದರ ಬೆನ್ನಿಗೇ, ಉಸಿರು ಸಿಕ್ಕಿಕೊಳ್ಳುವಂಥ ಅವಳ ಆ ಹಳೆಯ ನಗು. ಅಭ್ಯಾಸಬಲದಿಂದ ಚಾವಣಿಗೆ ಟಾರ್ಚು ಎತ್ತಿದ್ದವನು ಅದನ್ನು ಮೆಲ್ಲನೆ ಆರಿಸಿ, ಎದೆಯ ಮೇಲಿನ ಕಲ್ಲು ಇಳಿದಂತೆ ಉಸಿರು ಬಿಟ್ಟು, "ಇದೊಂದಕ್ಕೆ ಮಾತ್ರ ತಪ್ಪಾಯ್ತು ಅನ್ನಲ್ಲ ಕಣಪ್ಪಾ" ಎಂದ.