ಬೆಕ್ಕಿಗೆ ಹೊಲಿದ ಗಾದಿ

ಯಂಕಂಚಿಯ ಗುಂಡವ್ವ ರಮಜಾನಬಿಯನ್ನು ಮೊದಲು ಕಂಡದ್ದು ರಾಶಿ ಮುಗಿದ ವಾರ. ಜೋಳದ ಚೀಲಗಳು ಪಡಸಾಲೆಗೆ ಬಂದು ಬಿದ್ದಿದ್ದವು. ಬಾಗಿಲಲ್ಲಿ ಸಣಕಲು ಹೆಂಗಸೊಬ್ಬಳು ಕಾಳು ಕೇರುವ ಸ್ವಂತ ಮೊರವನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು.

“ಹಸನ ಮಾಡೂದು ಏನರ ಐತೇನ್ರಿ, ಅವ್ವಾರ?”

ಕಾಳು ಹಸನು ಮಾಡುವವರು ಊರಲ್ಲಿ ನಾಲ್ಕೈದು ಮಂದಿ ಇದ್ದರು. ಯಾರು ಮಾಡಿದರೂ ರೊಟ್ಟಿ ತಿನ್ನುವಾಗ ಹಲ್ಲಿಗೆ ಕರ್ ಎನ್ನುವುದು ತಪ್ಪಿರಲಿಲ್ಲ. ಗುಂಡವ್ವ ಬಾಯಿಮಾತಿಗೆ ನಂಬುವವಳಲ್ಲ. ತಾನೇ ಆರಿಸಿಟ್ಟಿದ್ದ ಒಂದು ಸೇರು ಜೋಳದಲ್ಲಿ, ಅಂಗಳದಿಂದ ಹನ್ನೊಂದು ಹರಳು ಎಣಿಸಿ ತಂದು ಬೆರೆಸಿ ಮುಂದಿಟ್ಟಳು. ರಮಜಾನಬಿ ಕೇರಿದಳು, ಆರಿಸಿದಳು, ಹರಳುಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಹನ್ನೆರಡಿದ್ದವು.

“ಈ ಹನ್ನೊಂದು ಬಿಳೇವು, ನಿಮ್ಮ ಅಂಗಳದವು. ಇದೊಂದು ಎರಿ ಹೊಲದ ಕರೇದು. ಇದು ನಿಮ್ಮ ಕಣ್ಣ ತಪ್ಪಿಸಿತ್ರಿ,” ಎಂದಳು, ನಗದೆ.

ನಕ್ಕವಳು ಗುಂಡವ್ವ. ಅಂದಿನಿಂದ ಹಿತ್ತಲಿನ ಕೋಣೆ ರಮಜಾನಬಿಯದಾಯಿತು. ಅವಳು ಮಸೂತಿ ಎಂಬ ಊರಿನವಳು, ಗಂಡ ಮೀರಾಸಾಬ ಗೌಂಡಿ ಕೆಲಸದಲ್ಲಿ ಅಟ್ಟಣಿಗೆಯಿಂದ ಬಿದ್ದು ತೀರಿಕೊಂಡಿದ್ದ. ಮಗಳು ನಸ್ರೀನಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದಳು. ಗುಂಡವ್ವನ ಗಂಡ ಖಂಡೆಪ್ಪ ಹೋಗಿಯೂ ಆಗ ಎರಡು ವರ್ಷ. “ಅವ್ವಾರ” ಎಂಬುದು ಆರು ತಿಂಗಳಲ್ಲಿ “ಅಕ್ಕಾ” ಆಯಿತು.

ರಮಜಾನಬಿಗೆ ಒಂದು ಬೆಕ್ಕಿತ್ತು. ಕಪ್ಪು, ಬಿಳಿ, ಕಂದು ಮೂರೂ ಬಣ್ಣ ಚೆಲ್ಲಿದ ಹೆಣ್ಣುಬೆಕ್ಕು, ಹೆಸರು ಕಬರಿ. ಹಸನು ಮಾಡಲು ಹೋದ ಮನೆಗೆಲ್ಲ ಹಿಂದೆಯೇ ಹೋಗಿ ಚೀಲದ ಸಂದಿಯ ಇಲಿ ಹಿಡಿಯುತ್ತಿತ್ತು. “ನನ್ನ ಕೂಲಿ ಒಂದು, ಅದರ ಕೂಲಿ ಒಂದು ಕೊಡ್ರಿ” ಎಂದು ರಮಜಾನಬಿ ಚಾಷ್ಟಿ ಮಾಡುತ್ತಿದ್ದಳು.

ಒಂದು ಮಳೆಗಾಲದ ಮೊದಲಿಗೆ ಗುಂಡವ್ವನ ಮಗ ರೇವಣಪ್ಪ ಸಿಂದಗಿಯಿಂದ ತೊಗರಿ ಬೀಜ ತಂದ. ಬಿತ್ತನೆಯಾದ ಮೇಲೆ ಎರಡು ಅರಿವೆ ಚೀಲ ಉಳಿದವು. ಹೊಸ ಅರಿವೆ, ಒಳ್ಳೆಯ ದಪ್ಪ. ಬೆಕ್ಕಿಗೆ ಒಂದು ಗಾದಿಯಾಗಲಿ ಎಂದು ಗುಂಡವ್ವ ಹೊಲಿಯಲು ಕುಳಿತಳು. ಚೀಲದ ಮೇಲೆ ಅಕ್ಷರಗಳಿದ್ದವು. ಎರಡನೆಯ ಇಯತ್ತೆಗೇ ಸಾಲೆ ಬಿಟ್ಟಿದ್ದ ಗುಂಡವ್ವನಿಗೆ ಅಕ್ಷರವೆಂದರೆ ದೇವರು. ಕಾಲಿಗೆ ಒಂದು ಚೂರು ಕಾಗದ ತಗುಲಿದರೂ ಎತ್ತಿ ಕಣ್ಣಿಗೊತ್ತಿಕೊಳ್ಳುವವಳು. ಅಕ್ಷರದ ಮೇಲೆ ಬೆಕ್ಕು ಮಲಗುವುದೇ ಎಂದು ಚೀಲಗಳನ್ನು ಒಳಮೈ ಹೊರಗೆ ಮಾಡಿ ಬಿಡಿಸಿದಳು. ಒಳಗೆ ಸ್ವಲ್ಪ ಕೆಂಪು ಹುಡಿ ಇತ್ತು. ಬೀಜದ್ದಲ್ಲವೇ, ಎಣ್ಣೆಯಲ್ಲ, ಜಿಡ್ಡಲ್ಲ ಎಂದು ಎರಡು ಸಲ ಕೊಡವಿದಳು. ಒಗೆಯಲಿಲ್ಲ. ಹತ್ತಿ ತುಂಬಿ, ನಾಲ್ಕು ಬೆರಳಿಗೊಂದರಂತೆ ಟಾಕು ಹಾಕಿ ಕೊಟ್ಟಳು.

ರಮಜಾನಬಿ ಆ ಗಾದಿಯನ್ನು ಓಣಿಗೆಲ್ಲ ತೋರಿಸಿದಳು. “ನನ್ನ ಕಬರಿಗಿ ಹಾಸಿಗಿ ಹೊಲ್ದಾಳ ನಮ್ಮ ಅಕ್ಕ. ನಿಮ್ಮ ಮಕ್ಕಳಿಗರ ಐತೇನು ಇಂಥಾದ್ದು?”

ಒಂದು ತಿಂಗಳಿಗೆ ಕಬರಿ ಕೂದಲು ಕೀಳತೊಡಗಿತು. ಮೊದಲು ನೆಕ್ಕುವುದು, ಆಮೇಲೆ ಹಲ್ಲಿನಿಂದ ಜಗ್ಗುವುದು. ಗುಂಡವ್ವ ಎಂಟು ದಿನ ಕುಳಿತು ನೋಡಿದಳು. ಕುತ್ತಿಗೆಯಲ್ಲಿ ಕೀಳುತ್ತಿರಲಿಲ್ಲ, ಬೆನ್ನಿನಲ್ಲೂ ಇಲ್ಲ. ಹೊಟ್ಟೆ, ತೊಡೆಯ ಒಳಮಗ್ಗುಲು, ಅಷ್ಟೇ. ಅಲ್ಲಿ ತೊಗಲು ಕೆಂಪಗೆ ಬೋಳಾಗಿತ್ತು. ಚಿಗಟವೆಂದು ಬೇವಿನ ನೀರು ಹಾಕಿದರು; ಹೋಗಲಿಲ್ಲ. ರಮಜಾನಬಿ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಸಿಂದಗಿಯ ದನದ ಡಾಕ್ಟರಿಗೂ ತೋರಿಸಿ ಬಂದಳು.

“ಏನಂದ?”

“ಚಿಗಟ ಇಲ್ಲಂತಕ್ಕಾ. ಹೊಟ್ಟಿ ಒಳಗ ನೋವಿದ್ರೂ ಕೀಳ್ತಾವಂತ, ಜೀವಕ್ಕ ಬ್ಯಾಸರಾದ್ರೂ ಕೀಳ್ತಾವಂತ. ಮಲಗೂ ಜಾಗಾದಾಗ ಪೌಡರ್ ಏನರ ಹಾಕೀರೇನು ಅಂದ. ಎಲ್ಲೀದು ಸಾಹೇಬ್ರ, ಹೊಸಾ ಗಾದಿ ಮ್ಯಾಲ ಮಲಗತೈತಿ, ನಮ್ಮ ಅಕ್ಕ ಹೊಲ್ದಾಳ ಅಂದೆ. ನಕ್ಕ. ಒಂದು ಮುಲಾಮು ಬರದುಕೊಟ್ಟ.”

ಗುಂಡವ್ವನೂ ನಕ್ಕಳು.

ಆದರೆ ಊರು ನಗಲಿಲ್ಲ. ಕಿರಾಣಿ ಅಂಗಡಿಯ ಸುನಂದಾ, ವರ್ಷದ ಜೋಳವನ್ನೆಲ್ಲ ರಮಜಾನಬಿಯಿಂದಲೇ ಹಸನು ಮಾಡಿಸುವವಳು, ಒಂದು ದಿನ ಅಂಗಡಿಯ ಮುಂದೆಯೇ ಹೇಳಿದಳು: “ನಿನ್ನ ಬೆಕ್ಕಿನ ಕೂದಲ ನನ್ನ ಹಿಟ್ಟಿನಾಗ ಸಿಕ್ತು. ತನ್ನ ಮೈ ತಾ ಬೋಳ ಮಾಡ್ಕೊಳ್ಳೋ ಬೆಕ್ಕು ಹೊಕ್ಕ ಮನೀನೂ ಬೋಳ ಮಾಡತೈತಿ. ನೀ ಹೊಕ್ಕ ಮನಿ ನೋಡ, ಇಬ್ಬರೂ ರಂಡಿಮುಂಡ್ಯಾರ!”

ವಾರದೊಳಗೆ ಐದು ಮನೆ ತಪ್ಪಿದವು. ರಮಜಾನಬಿ ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕಿ ಹೋದಳು, ಸೀರೆ ಝಾಡಿಸಿ ಹೋದಳು. ಯಾರೂ ಕರೆಯಲಿಲ್ಲ. ಕೂಡಿಹಾಕಿದ ಬೆಕ್ಕು ಹಗಲೆಲ್ಲ ಗಾದಿಯ ಮೇಲೆಯೇ ಬಿದ್ದಿರುತ್ತಿತ್ತು, ಮತ್ತಷ್ಟು ಬೋಳಾಯಿತು.

ಕೊನೆಗೆ ಗುಂಡವ್ವನೇ ಹೇಳಿದಳು: “ಬಿಟ್ಟು ಬಾರವಾ ತಂಗಿ. ಬೆಕ್ಕರ ಇರಬೇಕು, ಇಲ್ಲಾ ಒಲಿಯರ ಉರೀಬೇಕು. ಎರಡೂ ಆಗೂದಿಲ್ಲ.”

“ನೀನೂ ಹಂಗ ಅಂತೀಯೇನಕ್ಕಾ?”

“ಹೊಳಿ ದಾಟಿಸಿ ಬಿಡು. ಚೀಲದಾಗ ಹಾಕಿ ಮೂರು ಸುತ್ತು ತಿರುವು. ದಾರಿ ಮರೀತೈತಿ.”

ರಮಜಾನಬಿ ಮುಂಜಾನೆಯ ಬಸ್ಸಿಗೆ ದೇವಣಗಾಂವಕ್ಕೆ ಹೋಗಿ, ಭೀಮೆಯನ್ನು ದಾಟಿ, ಆಚೆ ದಂಡೆಯಲ್ಲಿ ಬಿಟ್ಟು ಬಂದಳು. ಮೂರು ಸುತ್ತು ತಿರುವಲಿಲ್ಲವಂತೆ. ಕೈ ಬರಲಿಲ್ಲ ಎಂದಳು. ಎರಡು ದಿನ ಬಾಗಿಲು ತೆರೆದಿಟ್ಟು ಮಲಗಿದಳು. ಮೂರನೆಯ ದಿನ ಸುನಂದಾ ಕರೆ ಕಳಿಸಿದಳು. ಆ ಮನೆಯ ಕಾಳನ್ನು ರಮಜಾನಬಿ ಮೊದಲಿನಷ್ಟೇ ಸ್ವಚ್ಛ ಮಾಡಿಕೊಟ್ಟಳು. ಚಾಷ್ಟಿ ಮಾತ್ರ ಮಾಡಲಿಲ್ಲ.

ಚಳಿ ಬಂದಾಗ ಗುಂಡವ್ವ ಕಂಡಳು: ರಮಜಾನಬಿ ಬಚ್ಚಲ ಕಲ್ಲಿನ ಮೇಲೆ ಕುಳಿತು ಕಾಲು ತೊಳೆಯುತ್ತಿದ್ದಾಳೆ. ಮೀನಖಂಡದಲ್ಲಿ ಕೆಂಪು ದದ್ದು, ಕೆರೆದು ಕೆರೆದು ರಕ್ತ.

“ಏನಾತ ಇದು?”

“ಏನೋ ಅಕ್ಕಾ. ರಾತ್ರಿ ಕಬರಿ ಗಾದಿ ಮ್ಯಾಲ ಕಾಲ ಇಟ್ಟು ಮಲಗತೇನಿ. ಅದರ ವಾಸನಿ ಇನ್ನೂ ಐತಿ ಅದಕ್ಕ.”

ಗುಂಡವ್ವ ಅಂದೇ ಗಾದಿಯನ್ನು ಬಿಸಿಲಿಗೆ ಹಾಕುವ ನೆಪದಲ್ಲಿ ಮನೆಗೊಯ್ದಳು. ಬಾಗಿಲಿಗೆ ಅಗುಳಿ ಹಾಕಿ ಟಾಕು ಬಿಚ್ಚಿದಳು. ಹೊಲಿಗೆಯ ಸಂದಿಯಲ್ಲೆಲ್ಲ ಕೆಂಪು ಹುಡಿ. ಒಳಗೆ ಮುಚ್ಚಿಟ್ಟಿದ್ದ ಅಕ್ಷರಗಳನ್ನು ಬೆರಳಿಟ್ಟು, ಒಂದಕ್ಕೊಂದು ಕೂಡಿಸಿ ಓದಿದಳು. ಓದಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಬೀಜಕ್ಕೆ ವಿಷ ಸವರಿದೆ, ಚೀಲವನ್ನು ಬೇರೆ ಯಾವ ಕೆಲಸಕ್ಕೂ ಬಳಸಬಾರದು ಎಂದಿತ್ತು.

ಹೊಲದ ಬದುವಿನಲ್ಲಿ ಮೊಣಕಾಲುದ್ದ ತೆಗ್ಗು ತೋಡಿ ಹುಗಿದು ಬಂದಳು. ಗಾದಿಯನ್ನು ಇಲಿ ಕಡಿದು ಹಾಳುಮಾಡಿತೆಂದು ರಮಜಾನಬಿಗೆ ಹೇಳಿದಳು. ತನ್ನ ಹಳೆಯ ಸೀರೆಯದೊಂದು ಹೊಲಿದು ಕೊಟ್ಟಳು, ಮೂರು ಸಲ ಒಗೆದು. ಹದಿನೈದು ದಿನಕ್ಕೆ ಕಾಲು ಮಾಯ್ದವು. ಕೊಬ್ಬರಿ ಎಣ್ಣೆಯ ಗುಣ ಎಂದಳು. ರಮಜಾನಬಿ ಅದನ್ನೂ ನಂಬಿದಳು.

ಹೇಳಬೇಕೆಂದು ಗುಂಡವ್ವ ಹೊರಟದ್ದುಂಟು, ಒಂದು ಸಲವಲ್ಲ, ಹಲವು ಸಲ. ಹೊರಟಾಗಲೆಲ್ಲ ರಮಜಾನಬಿ ಯಾರಿಗೋ ಅನ್ನುತ್ತಿದ್ದಳು: “ಊರ ಮಂದಿ ನನ್ನ ಬೆಕ್ಕಿಗಿ ಉಗುಳಿದ್ರು, ನಮ್ಮ ಅಕ್ಕ ಒಬ್ಬಾಕಿ ಹಾಸಿಗಿ ಕೊಟ್ಳು.” ಆ ಮಾತು ಕಿವಿಗೆ ಬಿದ್ದರೆ ಗುಂಡವ್ವ ಬಂದ ದಾರಿಯಲ್ಲೇ ಹೊರಳುತ್ತಿದ್ದಳು. ಹೀಗೆ ನಾಲ್ಕು ವರ್ಷ ಹೋದವು.

ಹೋದ ವರ್ಷ ರಮಜಾನಬಿಗೆ ಎದೆನೋವು ಬಂದು, ನಸ್ರೀನ ಬಂದು ಮುದ್ದೇಬಿಹಾಳಕ್ಕೆ ಕರೆದೊಯ್ದಳು. ಗುಂಡವ್ವ ಎರಡು ಬಸ್ಸು ಬದಲಿಸಿ ನೋಡಲು ಹೋದಳು. ಈ ಸಲ ಹೇಳಿಯೇ ಬರಬೇಕೆಂದು ಹೋದಳು. ಅದೇ ಕೊನೆಯ ಭೇಟಿ. ನಾಲ್ಕನೆಯ ದಿನಕ್ಕೆ ರಮಜಾನಬಿ ತೀರಿಕೊಂಡ ಸುದ್ದಿ ಬಂತು.

ಆ ಭೇಟಿಯ ದಿನ ನಸ್ರೀನ ಚಹಾ ಮಾಡಲು ಒಳಗೆ ಹೋಗಿದ್ದಳು. ರಮಜಾನಬಿ ಗೋಡೆಯ ಕಡೆಯಿಂದ ಇತ್ತ ಮಗ್ಗುಲಾದಳು. ಗುಂಡವ್ವ ಬಾಯಿ ತೆರೆದಳು. ಅಷ್ಟರಲ್ಲಿ ಅವಳೇ ಗುಂಡವ್ವನ ಕೈ ಹಿಡಿದು ಕೇಳಿದಳು:

“ಅಕ್ಕಾ, ಹೊಳಿ ಆಚಿ ಹ್ವಾದ ಮ್ಯಾಲರ ಕಬರಿಗಿ ಕೂದಲಾ ಬಂದಿದ್ದಾವೇನು?”